ಪುಟ್ಟಬಸಮ್ಮ ಹೇಳಿ ಬರೆಸಿದ್ದು

ಕೃಷ್ಣಮೂರ್ತಿಪುರಂ, ಮೈಸೂರು
4 ಮಾರ್ಚ್ 2024

ಶಿವಪ್ರಕಾಶ್ ಭಾವನವರಿಗೆ ವಾಣಿಯ ನಮಸ್ಕಾರಗಳು.

ಅತ್ತೆ ತೀರಿಕೊಂಡ ದಿನವೇ ನಿಮ್ಮ ಮನೆಯವರ ಮೊಬೈಲಿಗೆ ಸುದ್ದಿ ಕಳಿಸಿದ್ದೆ. ಮೂರನೇ ದಿನ 'ಅವರಿಗೆ ತಿಳಿಸಿದ್ದೇನೆ' ಅಂತ ಹಿಂದಿಯಲ್ಲಿ ಒಂದು ಸಾಲು ಬಂತು. ನಿಮಗೆ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ, ಕಿವಿಗೆ ಹಾಕಿಕೊಂಡ ಮಿಷನ್ನೂ ಬರೀ ಗುಂಯ್ ಅನ್ನುತ್ತೆ ಅಂತ ನೀವೇ ಹಿಂದೆ ಬರೆದಿದ್ದಿರಿ. ಅದಕ್ಕೇ ಈ ಕಾಗದ.

ಫೆಬ್ರವರಿ ಹನ್ನೆರಡು, ಸೋಮವಾರ ಬೆಳಿಗ್ಗೆ. ಕೆಂಚಮ್ಮ ರಾಗಿ ಗಂಜಿ ಕುಡಿಸುತ್ತಿದ್ದಳು. ಆರು ವರ್ಷದಿಂದ ಹಗಲೆಲ್ಲ ಅತ್ತೆಯ ಜೊತೆಗಿದ್ದು ನೋಡಿಕೊಂಡವಳು ಅವಳೇ. ಅರ್ಧ ಲೋಟ ಕುಡಿದು 'ಸಾಕು ತಗಳೆ, ಗಂಜಿ ಆರೋಗ್ಬುಟ್ಟದೆ' ಅಂದರಂತೆ. ಬಿಸಿ ಮಾಡಿಕೊಂಡು ಹೋಗೋಣ ಅಂತ ಅವಳು ಅಡಿಗೆಮನೆಗೆ ಬಂದಳು. ನಾನು ಅಲ್ಲೇ ಚಪಾತಿ ಹಿಟ್ಟು ಕಲೆಸುತ್ತಿದ್ದೆ. ಇಬ್ಬರೂ ಏನೋ ಮಾತಾಡುತ್ತಾ ಎರಡು ನಿಮಿಷ ಹೆಚ್ಚಿಗೆ ನಿಂತುಬಿಟ್ಟೆವು. ವಾಪಸ್ಸು ಹೋಗುವಷ್ಟರಲ್ಲಿ ಮುಗಿದಿತ್ತು. ತೊಂಬತ್ತೊಂದು ವರ್ಷ ಬದುಕಿದ್ದವರು, ಯಾರನ್ನೂ ಕರೆಯದೆ ಹೋಗಿಬಿಟ್ಟರು.

ಹುಣಸೂರಿಗೆ ಕರೆದುಕೊಂಡು ಹೋಗಿ, ಅವರ ತಮ್ಮ, ಅಂದರೆ ನಮ್ಮಪ್ಪನ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ನಿಮಗಾಗಿ ಒಂದು ದಿನ ಕಾಯೋಣವಾ ಅಂತ ನಮ್ಮನೆಯವರು ಕೇಳಿದರು. ನಾನೇ ಬೇಡ ಅಂದೆ.

ಹನ್ನೊಂದನೇ ದಿನದ ಶಿವಗಣಾರಾಧನೆಯಲ್ಲಿ ಒಂದು ಸಂಗತಿ ನಡೆಯಿತು. ಪೂಜೆಗೆ ಬಂದಿದ್ದ ಸ್ವಾಮಿಗಳು ಪ್ರಸಾದಕ್ಕೆ ಮೊದಲು, 'ಪುಟ್ಟಬಸಮ್ಮನವರು ಇಷ್ಟು ದೀರ್ಘ ಬಾಳು ಬಾಳಿದ ತಾಯಿ, ಇವರ ಬಗ್ಗೆ ಯಾರಾದರೂ ಎರಡು ಮಾತಾಡಿ' ಅಂದರು. ಎಪ್ಪತ್ತು ಎಂಬತ್ತು ಜನ ಕೂತಿದ್ದೆವು. ಒಬ್ಬರೂ ಏಳಲಿಲ್ಲ. ಅವರನ್ನು ಬಲ್ಲವರೆಲ್ಲ ಅವರಿಗಿಂತ ಮೊದಲೇ ಹೋಗಿಬಿಟ್ಟಿದ್ದಾರೆ. ಕೊನೆಗೆ ನಾನೇ ಎದ್ದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು, 'ನಮ್ಮ ಅತ್ತೆ ತುಂಬಾ ಒಳ್ಳೆಯವರು' ಅಂತ ಹೇಳಿ ಕೂತುಬಿಟ್ಟೆ. ಹನ್ನೊಂದು ವರ್ಷ ನನ್ನ ಮನೆಯಲ್ಲೇ ಇದ್ದರು. ನನ್ನ ಬಾಯಿಂದ ಬಂದದ್ದು ಅಷ್ಟೇ.

ವರ್ಷದ ಹೊತ್ತಿಗೆ ಅವರ ಬದುಕಿನ ಬಗ್ಗೆ ಎಂಟು ಪುಟದ ಒಂದು ಪುಸ್ತಕ ಮಾಡಿ ಹಂಚಬೇಕು ಅಂತಿದ್ದೇನೆ. ಮಂಡಿ ಮೊಹಲ್ಲಾದಲ್ಲಿ ನಮ್ಮನೆಯವರ ಗುರುತಿನವರ ಪ್ರೆಸ್ ಇದೆ. ಹಳೆಯದೆಲ್ಲ ಗೊತ್ತಿರುವುದು ನಿಮಗೆ. ನಿಮ್ಮನ್ನು ಎಂಟು ತಿಂಗಳ ಕೂಸಿನಿಂದ ಸಾಕಿದವರು ಅವರು. ನೆನಪಿರುವಷ್ಟು ಬರೆದು ಕಳಿಸಿ.

ವಾಣಿ

—

ಅಲ್ಮೋರ
19 ಮಾರ್ಚ್ 2024

ಪ್ರೀತಿಯ ವಾಣಿಗೆ ಆಶೀರ್ವಾದಗಳು.

ದೊಡ್ಡವ್ವ ಹೋದ ದಿನ ಇಲ್ಲಿ ಹಿಮ ಬಿದ್ದು ದಾರಿ ಮುಚ್ಚಿತ್ತು. ಹೊರಡುವುದಕ್ಕೇ ಆಗಲಿಲ್ಲ. ನೀನು ಕಾಯದೆ ಇದ್ದದ್ದು ಒಳ್ಳೆಯದೇ ಆಯಿತು.

ಬರೆಯುವುದಕ್ಕೆ ಕೂತರೆ ಎಲ್ಲಿಂದ ಹಿಡಿಯಲಿ ಅಂತ ತಿಳಿಯುತ್ತಿಲ್ಲ. ಟೆಂಟಿನಿಂದಲೇ ಶುರು ಮಾಡುತ್ತೇನೆ.

ಲಕ್ಷ್ಮಣತೀರ್ಥದ ದಡದ ಮೈದಾನದಲ್ಲಿ ಗುರುಸಿದ್ದಯ್ಯನವರ ಟೂರಿಂಗ್ ಟಾಕೀಸ್ ಇತ್ತಲ್ಲ, ದೊಡ್ಡವ್ವನ ಗಂಡ ಅಲ್ಲೇ ಮಿಷನ್ ಓಡಿಸುತ್ತಿದ್ದ. ಮದುವೆಯಾಗಿ ಮೂರನೇ ವರ್ಷಕ್ಕೆ ವಿಷಮಶೀತ ಜ್ವರ ಬಂದು ಹೋದ. ಅದೇ ವರ್ಷ ಅವಳ ತಂಗಿ, ಅಂದರೆ ನನ್ನವ್ವ, ಹೋದಳು. ನಮ್ಮಪ್ಪ ಇನ್ನೊಂದು ಮದುವೆ ಮಾಡಿಕೊಂಡು ಪಿರಿಯಾಪಟ್ಟಣದ ಕಡೆ ಹೋಗಿಬಿಟ್ಟ. ಇಪ್ಪತ್ತನಾಲ್ಕು ವರ್ಷದ ಹೆಂಗಸು, ಕಂಕುಳಲ್ಲಿ ನಾನು, ಬೆನ್ನಿಗೆ ಸ್ಕೂಲಿಗೆ ಹೋಗೋ ತಮ್ಮ ಲಿಂಗರಾಜು, ನಿಮ್ಮಪ್ಪ. ಗುರುಸಿದ್ದಯ್ಯನವರು ಕರೆದು, 'ಹೆಂಗಸರ ಕಡೆ ಗೇಟಿಗೆ ಒಬ್ಬರು ಬೇಕು, ನೀನು ನಿಂತ್ಕೋತೀಯೇನಮ್ಮ' ಅಂದರು. ನೆಂಟರೆಲ್ಲ ಬಂದು ಕೂಗಾಡಿದರಂತೆ, ಗಂಡ ಸತ್ತವಳು ಸಿನಿಮಾ ಟೆಂಟಿನ ಬಾಗಿಲಲ್ಲಿ ನಿಲ್ಲೋದಾ ಅಂತ. 'ಈ ಮಗೀಗೆ ನಾಳಿಂದ ಹಾಲು ತಂದ್ಕೊಡೋರು ಯಾರೋ ಅವರು ಮಾತ್ರ ಮಾತಾಡಿ, ಮಿಕ್ಕೋರು ಊಟ ಮಾಡ್ಕಂಡು ಹೊರಡಿ' ಅಂದಳಂತೆ. ಊಟ ಮಾಡಿಕೊಂಡು ಹೊರಟರಂತೆ.

ಹದಿನೇಳು ವರ್ಷ ಆ ಗೇಟಿನಲ್ಲಿ ನಿಂತಳು. ಆದರೆ ಒಂದು ಸಿನಿಮಾನೂ ಪೂರ್ತಿ ನೋಡಲಿಲ್ಲ. ಹೆಂಗಸರು ಕಂಕುಳ ಕೂಸು ಎತ್ತಿಕೊಂಡು ಬರೋರು. ಮಗು ಅತ್ತರೆ ಗಂಡಸರ ಕಡೆಯಿಂದ ಸಿಳ್ಳೆ, ಬೈಗುಳ. ದೊಡ್ಡವ್ವ ಹೋಗಿ, 'ಕೊಡವ್ವ ಇಲ್ಲಿ, ನೀನು ನೋಡು' ಅಂತ ಮಗು ಎತ್ತಿಕೊಂಡು ಬಂದು ಹುಣಸೆಮರದ ಕೆಳಗೆ ತಟ್ಟುತ್ತಾ ಓಡಾಡುವಳು. ಒಂದೊಂದು ದಿನ ಎರಡು ತೋಳಿಗೆ ಎರಡು. ಆಟ ಬಿಟ್ಟ ಮೇಲೆ ಆ ತಾಯಂದಿರೇ ಅವಳಿಗೆ ಕಥೆ ಹೇಳಬೇಕು. ಹುಣಸೂರಿನಲ್ಲಿ ಈಗ ಅರವತ್ತು ದಾಟಿದವರಲ್ಲಿ ಎಷ್ಟೋ ಜನ ಅವಳ ಹೆಗಲ ಮೇಲೆ ನಿದ್ದೆ ಮಾಡಿದವರೇ. ಅವರಿಗದು ಗೊತ್ತಿಲ್ಲ.

ಒಂದು ಸಲ ಒಬ್ಬ ಕುಡಿದು ಬಂದು, ಹೇಳದೆ ಸಿನಿಮಾಕ್ಕೆ ಬಂದಳು ಅಂತ ಹೆಂಡತಿಯನ್ನು ಎಳೆದುಕೊಂಡು ಹೋಗಲು ಗೇಟಿಗೆ ನುಗ್ಗಿದ. ನನಗಾಗ ಎಂಟೋ ಒಂಬತ್ತೋ. ದೊಡ್ಡವ್ವ ಅಗುಳಿ ಹಾಕಿ ಅಡ್ಡ ನಿಂತಳು. 'ಅವಳು ಟಿಕೇಟು ತಗಂಡು ಬಂದವ್ಳೆ. ಆಟ ಮುಗಿಯೋಗಂಟ ಅವಳು ನನ್ನ ಕಡೆಯೋಳು. ನೀನು ಬೇಕಾದ್ರೆ ಗಂಡಸರ ಕಡೆ ಟಿಕೇಟ್ ತಗಂಡು ಕೂತ್ಕೊ ಹೋಗು.' ಅವನು ಕೈ ಎತ್ತಿದ. ಅವಳು ಅಲ್ಲಾಡಲಿಲ್ಲ. ಆಟ ಬಿಟ್ಟ ಮೇಲೆ ಆ ಹೆಂಗಸಿನ ಜೊತೆ ಅವಳ ಮನೆವರೆಗೂ ನಡೆದುಹೋಗಿ, ಅವಳ ಅತ್ತೆಯ ಕೈಗೆ ಒಪ್ಪಿಸಿ ಬಂದಳು.

ಪುಸ್ತಕದ ಮೊದಲ ಪುಟಕ್ಕೆ ಏನು ಹಾಕಬೇಕು ಅಂತ ನನಗೆ ಹೊಳೆದಿದೆ. ಅವಳೇ ನಿನ್ನ ಕೈಯಲ್ಲಿ ಬರೆಸಿದ ಮಾತು. ಈ ಎರಡು ವರ್ಷದಿಂದ ಪ್ರತಿ ಕಾಗದದ ಕೊನೆಗೂ ಇದೆ: 'ನೀನು ಇರುವಲ್ಲೇ ಚೆನ್ನಾಗಿರು. ಬರುವ ತೊಂದರೆ ತೆಗೆದುಕೊಳ್ಳಬೇಡ. ನನಗಿಲ್ಲಿ ಯಾವ ಕೊರತೆಯೂ ಇಲ್ಲ.' ಎಷ್ಟು ದೊಡ್ಡ ಮನಸ್ಸು ನೋಡು. ಅವಳ ಫೋಟೋದ ಕೆಳಗೆ ಈ ಮೂರು ಸಾಲು ಹಾಕಿಸು.

ಶಿವಪ್ರಕಾಶ್

—

ಮೈಸೂರು
2 ಏಪ್ರಿಲ್ 2024

ಭಾವನವರಿಗೆ,

ನಿಮ್ಮ ಕಾಗದ ಬಂತು. ಟೆಂಟಿನ ಮುಂದೆ ನಿಂತ ಅತ್ತೆಯನ್ನು ನಾನು ಕಂಡಿದ್ದು ಕಡಿಮೆ. ನಾನು ದೊಡ್ಡವಳಾಗುವ ಹೊತ್ತಿಗೆ ಟೆಂಟ್ ಎತ್ತಿದ್ದರು, ಅವರು ಹಾಸ್ಟೆಲಿನಲ್ಲಿ ಅಡಿಗೆಗೆ ಹೋಗುತ್ತಿದ್ದರು. ಓದಿ ಕೆಂಚಮ್ಮನಿಗೂ ಹೇಳಿದೆ. 'ಅಂಗೇ ಕಣ್ರಮ್ಮ ಇಲ್ಲೂವೆ. ಯಾರ ಮಗಾ ಅತ್ರೂ ನನ್ನ ಕಳಿಸೋರು' ಅಂದಳು.

ಇಲ್ಲಿನ ವರ್ಷಗಳದ್ದು ನಾನು ಬರೆದುಕೊಳ್ಳುತ್ತಿದ್ದೇನೆ. ಕಣ್ಣು ಪೂರ್ತಿ ಹೋದ ಮೇಲೂ ಕೊತ್ತಂಬರಿ ಕಟ್ಟನ್ನು ಮುಟ್ಟಿ, 'ಇದು ನೆನ್ನೇದು, ವಾಪಸ್ ಕೊಡು' ಅನ್ನುತ್ತಿದ್ದರು. ಟಿವಿ ಧಾರಾವಾಹಿ ಹಾಕಿದರೆ, 'ಇವರು ಒಂದು ಕದ ತೆಗಿಯೋಕೆ ವಾರ ತಗಂತಾರೆ, ಆರಿಸು' ಅನ್ನುವರು. ಬೆಳಗಿನ ಬಿಸಿಲಿಗೆ ಜಗುಲಿಯ ಮೇಲೆ ಕುರ್ಚಿ ಹಾಕಬೇಕು. ಹೋಗಿ ಬರುವವರ ಚಪ್ಪಲಿ ಸದ್ದಿನಲ್ಲೇ ಯಾರು ಅಂತ ಹೇಳುತ್ತಿದ್ದರು.

ಮೊದಲ ಪುಟಕ್ಕೆ ಆ ಮೂರು ಸಾಲು ಬೇಡ. ಬೇರೆ ಏನಾದರೂ ನೋಡೋಣ. ಕಾಗದದಲ್ಲಿ ಬರೆದದ್ದು ಮನೆಯೊಳಗಿನ ಮಾತು, ಅಚ್ಚು ಹಾಕಿಸುವಂಥದ್ದಲ್ಲ.

ವಾಣಿ

—

ಅಲ್ಮೋರ
15 ಏಪ್ರಿಲ್ 2024

ಪ್ರೀತಿಯ ವಾಣಿ,

ಇಷ್ಟು ಚುಟುಕಾಗಿ ನೀನು ಎಂದೂ ಬರೆದವಳಲ್ಲ. ನಿನಗೆ ಬೇಸರವಾಗಿದೆ. ಯಾಕೆ ಅಂತ ನನಗೆ ಗೊತ್ತು. ಮೂವತ್ತೊಂಬತ್ತು ವರ್ಷದಿಂದ ನಾವಿಬ್ಬರೂ ಎತ್ತದೆ ಇರುವ ವಿಷಯ ಅದು. ದೊಡ್ಡವ್ವನೇ ಹೋದ ಮೇಲೆ ಇನ್ನೇನು ಮುಚ್ಚಿಡುವುದು.

ನಿನ್ನನ್ನು ನನಗೆ ತಂದುಕೊಳ್ಳಬೇಕು ಅಂತ ಅವಳಿಗಿತ್ತು. ಊರಿಗೆಲ್ಲ ಗೊತ್ತಿತ್ತು. ನನ್ನನ್ನು ಕೇಳಿದಾಗ ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಇಲ್ಲಿ ಮೇಷ್ಟರ ಕೆಲಸ ಸಿಕ್ಕಿತು, ಹೊರಟುಬಂದೆ. ಎಂಬತ್ತೈದರಲ್ಲಿ ಇಲ್ಲಿನವಳನ್ನೇ ಮದುವೆಯಾಗಿ, ಒಂದು ಮಾತೂ ಮುಂಚೆ ತಿಳಿಸದೆ, ಅವಳನ್ನು ಕರೆದುಕೊಂಡು ಹುಣಸೂರಿಗೆ ಬಂದೆ. ನಿಮ್ಮಪ್ಪ ಹೊಸಿಲಲ್ಲೇ ತಡೆದರು. 'ನನ್ನ ಮಗಳನ್ನ ನಾಲ್ಕು ವರ್ಷ ಕಾಯಿಸಿ, ಈಗ ಯಾರನ್ನೋ ಕಟ್ಕಂಡು ಬಂದಿದೀಯಲ್ಲೋ' ಅಂದರು. ನಿಮ್ಮಪ್ಪನ ಮಾತು ನನಗೆ ನಾಟಲಿಲ್ಲ. ಅವರ ಹಿಂದೆ ದೊಡ್ಡವ್ವ ನಿಂತಿದ್ದಳು. ಕುಡುಕನ ಮುಂದೆ ಅಗುಳಿ ಹಾಕಿ ನಿಂತವಳು, ಅವತ್ತು ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಅದೇ ಬಸ್ಸಿಗೆ ವಾಪಸ್ಸು ಬಂದೆ. ಆಮೇಲೆ ಅವಳೇ ಕಾಗದ ಬರೆದಳು, ನಾನೂ ಬರೆದೆ. ಆದರೆ ಕಾಲು ಆ ಕಡೆ ಬರಲಿಲ್ಲ.

ನೀನು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದೆ. ನಿನ್ನ ಮುಖ ನಾನು ನೋಡಲಿಲ್ಲ. ತಪ್ಪಾಯಿತು ವಾಣಿ. ಇದನ್ನು ಅವತ್ತೇ ಹೇಳಬೇಕಿತ್ತು.

ಆದರೆ ಆ ಮೂರು ಸಾಲಿನ ವಿಷಯದಲ್ಲಿ ಹಠ ಮಾಡಬೇಡ. ದೊಡ್ಡವ್ವ ನನ್ನನ್ನು ಕ್ಷಮಿಸಿದ್ದಳು ಅನ್ನುವುದಕ್ಕೆ ನನ್ನ ಹತ್ತಿರ ಇರುವುದು ಅದೊಂದೇ. ಅಚ್ಚಿನಲ್ಲಿ ನೋಡಬೇಕು ಅಂತ ನನಗೆ ಆಸೆ.

ಶಿವಪ್ರಕಾಶ್

—

ಮೈಸೂರು
9 ಜೂನ್ 2024

ಭಾವನವರಿಗೆ,

ಒಂದೂವರೆ ತಿಂಗಳು ನಿಮ್ಮ ಕಾಗದ ಮೇಜಿನ ಮೇಲೇ ಇತ್ತು. ನಾಲ್ಕು ಸಲ ಬರೆಯಲು ಕೂತು ಎದ್ದಿದ್ದೇನೆ.

ಹಳೆಯ ವಿಷಯಕ್ಕೆ ನನಗೆ ಬೇಸರವಿಲ್ಲ ಅಂದರೆ ಸುಳ್ಳು. ಆದರೆ ನಾನು ಚುಟುಕಾಗಿ ಬರೆದದ್ದು ಅದಕ್ಕಲ್ಲ. ಆ ಮೂರು ಸಾಲು ಅತ್ತೆ ಹೇಳಿದ್ದಲ್ಲ. ನಾನು ಬರೆದದ್ದು.

ಅವರು ಹೇಳುತ್ತಿದ್ದದ್ದು ಬೇರೆ. ಪ್ರತಿ ತಿಂಗಳು ಕಾಗದದ ದಿನ ಅದೇ. 'ಬಿಸಿಲು ಎಂಗದೆ ಕೇಳು, ಹೆಂಡ್ತಿ ಮಂಡಿ ನೋವು ಎಂಗದೆ ಕೇಳು' ಅಂತ ಎಲ್ಲ ಹೇಳಿ, ಕೊನೆಗೆ ದನಿ ಸಣ್ಣ ಮಾಡಿಕೊಂಡು, 'ಒಂದ್ಸಲ ಬಂದ್ಬುಡು ಅಂತ ಬರಿ ಕಣವ್ವ. ಒಂದು ದಿನ ಇದ್ದು ಹೋಗ್ಲಿ. ಮುಖ ಮುಟ್ಟಿ ನೋಡ್ಬೇಕು' ಅನ್ನುತ್ತಿದ್ದರು.

ಮೊದಲ ಸಲ ಬಿಟ್ಟದ್ದು 2022ರ ಬೇಸಿಗೆಯಲ್ಲಿ. ನಮ್ಮನೆಯವರಿಗೆ ಹೃದಯದ ಆಪರೇಷನ್ ಆಗಿತ್ತು. ಆಸ್ಪತ್ರೆಗೂ ಮನೆಗೂ ಓಡಾಡಿ ನನಗೆ ಸಾಕಾಗಿತ್ತು. ಈ ಗಲಾಟೆಯಲ್ಲಿ ನೀವೂ ಬಂದರೆ ಹೇಗೆ ಅಂತ, 'ಬರುವ ತೊಂದರೆ ತೆಗೆದುಕೊಳ್ಳಬೇಡ' ಅಂತ ಬರೆದೆ. ಮುಂದಿನ ತಿಂಗಳು ಸರಿಯಾಗಿ ಬರೆದರಾಯಿತು ಅಂದುಕೊಂಡೆ. ಮುಂದಿನ ತಿಂಗಳು ಅವರು ಆರೋಗ್ಯವಾಗಿದ್ದರು, ಆದರೂ ನನ್ನ ಕೈ ಅದನ್ನೇ ಬರೆಯಿತು. ಆಮೇಲೆ ಯಾವ ನೆಪವೂ ಬೇಕಾಗಲಿಲ್ಲ.

ಯಾಕೆ ಅಂತ ನನ್ನನ್ನೇ ಕೇಳಿಕೊಂಡಿದ್ದೇನೆ. ಮೈ ಒರೆಸಿ, ತಲೆ ಬಾಚಿ, ಹೇಲು ಉಚ್ಚೆ ಬಳಿದು, ತುತ್ತು ಆರಿಸಿ ಬಾಯಿಗಿಟ್ಟವಳು ನಾನು. ಅವರು ದನಿ ಸಣ್ಣ ಮಾಡಿಕೊಂಡು ಕೇಳುತ್ತಿದ್ದದ್ದು ನಿಮ್ಮನ್ನು. ನೀವು ಬಂದು ಒಂದು ದಿನ ಕೂತರೆ, ನನ್ನ ಹನ್ನೊಂದು ವರ್ಷವೂ ಆ ಒಂದು ದಿನದ ಮುಂದೆ ಏನೂ ಅಲ್ಲ ಅನ್ನಿಸಿಬಿಡುತ್ತೆ ಅಂತ ನನಗೆ ಭಯವಿತ್ತು. ಅರವತ್ತು ವರ್ಷದ ಹೆಂಗಸು ಬರೆಯುವ ಮಾತೇ ಇದು ಅಂತ ನಗಬೇಡಿ.

ಒಂದು ದಿನ ರೇಗಿ, 'ಬರೋರಾಗಿದ್ರೆ ಇಷ್ಟು ವರ್ಷದಲ್ಲಿ ಬರ್ತಿರಲಿಲ್ವಾ ಅತ್ತೆ?' ಅಂದೆ. 'ಅಂಗಾದ್ರೂ ಬರಿ' ಅಂದರು. ನಾನು ಬರೆಯಲಿಲ್ಲ.

ಇಷ್ಟೇ ಆಗಿದ್ದರೆ ಇವತ್ತು ನಿಮಗೆ ಹೇಳುತ್ತಿದ್ದೆನೋ ಇಲ್ಲವೋ. ಇನ್ನೊಂದಿದೆ. ನಿಮ್ಮ ಕಾಗದ ಬಂದಾಗಲೆಲ್ಲ ನಾನೇ ಓದಿ ಹೇಳಬೇಕಿತ್ತಲ್ಲ. 'ಬರ್ತೀನಿ ಅಂದವ್ನಾ?' ಅಂತ ಪ್ರತಿ ಸಲವೂ ಕೇಳುವರು. ಹೋದ ವರ್ಷ ಆಗಸ್ಟಿನಲ್ಲಿ ಆ ಮುಖ ನೋಡಲಾಗದೆ, 'ದಸರಾ ಆದ ಮೇಲೆ ಬರ್ತಾರಂತೆ' ಅಂತ ಓದಿದೆ. ನೀವು ಅದನ್ನು ಬರೆದಿರಲೇ ಇಲ್ಲ. ಎರಡು ತಿಂಗಳು ಅತ್ತೆ ಮಗುವಿನ ಥರ ಇದ್ದರು. ನಿಮಗೆ ಇಷ್ಟ ಅಂತ ಕೆಂಚಮ್ಮನ ಕೈಯಲ್ಲಿ ಹುರಿಗಾಳು ಮಾಡಿಸಿಟ್ಟರು. ಬೆಳಿಗ್ಗೆ ಮಾತ್ರ ಕೂರುತ್ತಿದ್ದ ಜಗುಲಿಯಲ್ಲಿ ಸಂಜೆಯೂ ಕೂರತೊಡಗಿದರು. ದಸರಾ ಆಯಿತು. ದೀಪಾವಳಿ ಆಯಿತು. ಅವರು ನನ್ನನ್ನು ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅವರ ಮಾತು ಮುಟ್ಟಿದ್ದರೆ ನೀವು ಖಂಡಿತ ಬರುತ್ತಿದ್ದಿರಿ. ಬಾರದ ಹಾಗೆ ಮಾಡಿದವಳು ನಾನು. ಆ ಮೂರು ಸಾಲನ್ನು ಅಚ್ಚು ಹಾಕಿಸಲು ಹೇಳಬೇಡಿ. ಕ್ಷಮಿಸಿ ಅಂತ ಕೇಳಲು ಬಾಯಿಲ್ಲ.

ವಾಣಿ

—

ಮೈಸೂರು
30 ಜುಲೈ 2024

ಭಾವನವರಿಗೆ,

ಜೂನಿನಲ್ಲಿ ಬರೆದ ಕಾಗದ ನಿಮಗೆ ತಲುಪಿದೆ ಅಂತ ಸ್ಪೀಡ್ ಪೋಸ್ಟಿನವರು ಹೇಳುತ್ತಾರೆ. ನೀವು ಬರೆಯದೆ ಇರುವುದು ನ್ಯಾಯವಾಗಿದೆ. ಇನ್ನು ನಾನೂ ಬರೆದು ಕಾಟ ಕೊಡುವುದಿಲ್ಲ. ಪುಸ್ತಕದ ಕೆಲಸ ನಿಲ್ಲಿಸಿದ್ದೇನೆ.

ವಾಣಿ

—

ಅಲ್ಮೋರ
21 ಆಗಸ್ಟ್ 2024

ವಾಣಿ,

ನಾನು ಕೋಪ ಮಾಡಿಕೊಂಡು ಸುಮ್ಮನಿದ್ದೇನೆ ಅಂದುಕೊಂಡಿದ್ದೀಯ. ಹಾಗಲ್ಲ. ನಿನ್ನ ಕಾಗದ ಓದಿದಾಗ ನನಗೆ ಮೊದಲು ಆದದ್ದು ಏನು ಗೊತ್ತಾ? ಸಮಾಧಾನ. ತಪ್ಪು ವಾಣಿಯದು ಅಂತ ಆಯಿತಲ್ಲ, ಅವಳೇ ಒಪ್ಪಿಕೊಂಡಳಲ್ಲ ಅಂತ. ಒಂದು ವಾರ ಆ ಸಮಾಧಾನದಲ್ಲೇ ಇದ್ದೆ, ಚೆನ್ನಾಗಿ ನಿದ್ದೆಯೂ ಬಂತು. ಆಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಗತೊಡಗಿತು. ನಿನ್ನ ಎರಡನೇ ಕಾಗದ ಬಂದ ಮೇಲೆ ಇನ್ನು ತಡೆಯಲು ಆಗುತ್ತಿಲ್ಲ.

ಅವಳು ಕರೆಯುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು.

ಹೋದ ವರ್ಷ ನವೆಂಬರಿನಲ್ಲಿ ನನಗೊಂದು ಪೋಸ್ಟ್‌ಕಾರ್ಡ್ ಬಂತು. ಸೊಟ್ಟ ಸೊಟ್ಟ ಕನ್ನಡ ಅಕ್ಷರ. ಇಂಗ್ಲಿಷ್ ವಿಳಾಸವನ್ನು ರಂಗೋಲಿ ನೋಡಿಕೊಂಡು ಹಾಕುವ ಹಾಗೆ ಬಿಡಿಸಿದ್ದರು. ಬರೆದವಳು ಕೆಂಚಮ್ಮ, ಹೇಳಿದವಳು ದೊಡ್ಡವ್ವ. ಅದರಲ್ಲಿ ಇದ್ದದ್ದನ್ನು ಇದ್ದ ಹಾಗೇ ಇಳಿಸುತ್ತೇನೆ:

'ಪ್ರಕಾಶ ನಿನ್ನ ಕಾಗದ ಕೆಂಚಮ್ಮನ ಕೈಲಿ ಇನ್ನೊಂದು ಸಲ ಓದಿಸಿದೆ. ಬರ್ತೀನಿ ಅಂತ ಅದರಲ್ಲಿ ಇಲ್ಲ. ನಾನು ಹೇಳೋದನ್ನ ವಾಣಿ ಬರೀತಿಲ್ಲ ಅಂತ ಕಾಣ್ತದೆ. ಅವಳಿಗೆ ಏನೂ ಅನ್ನಬೇಡ. ಅವಳಿಗೂ ಸಾಕಾಗದೆ. ನೀನು ಬಾ.'

ಎರಡು ದಿನ ಕಾರ್ಡನ್ನು ಜೇಬಲ್ಲಿಟ್ಟುಕೊಂಡು ಓಡಾಡಿದೆ. ಎರಡು ವರ್ಷ ನಿನ್ನ ಆ ಮೂರು ಸಾಲನ್ನು ನಾನು ಪೂರ್ತಿ ನಂಬಿದ್ದೆನಾ? ಇಲ್ಲ ವಾಣಿ. ದೊಡ್ಡವ್ವ ಹಾಗೆ ಮಾತಾಡುವವಳಲ್ಲ ಅಂತ ನನಗೆ ಗೊತ್ತಿರಲಿಲ್ಲವೇ? 'ಕೊರತೆ' ಅನ್ನುವ ಪದ ಅವಳ ಬಾಯಲ್ಲಿ ಒಂದು ದಿನವೂ ಬಂದದ್ದಿಲ್ಲ. ಅನುಕೂಲವಾಗಿತ್ತು, ನಂಬಿದೆ.

ದೆಹಲಿಯಲ್ಲಿ ಕಿವಿ ಡಾಕ್ಟರಿಗೆ ತೋರಿಸಿ ಬರುತ್ತೇನೆ ಅಂತ ನಮ್ಮನೆಯವಳಿಗೆ ಸುಳ್ಳು ಹೇಳಿ ಹೊರಟೆ. ಮೈಸೂರಿಗೆ ಬಂದಿದ್ದೆ. ನವೆಂಬರ್ ಇಪ್ಪತ್ತನಾಲ್ಕು, ಶುಕ್ರವಾರ. ಮಂಡಿ ಮೊಹಲ್ಲಾದ ಒಂದು ಲಾಡ್ಜಿನಲ್ಲಿ ಬ್ಯಾಗಿಟ್ಟು, ಆಟೋದವನಿಗೆ ನಿನ್ನ ವಿಳಾಸ ತೋರಿಸಿ, ಹನ್ನೊಂದು ಗಂಟೆಗೆ ನಿಮ್ಮ ಬೀದಿಯಲ್ಲಿ ಇಳಿದೆ. ಅವಳು ಜಗುಲಿಯಲ್ಲಿ ಬಿಸಿಲಿಗೆ ಕೂತಿದ್ದಳು. ಅಷ್ಟು ಚಿಕ್ಕವಳಾಗಿದ್ದಳು. ತಲೆಗೂದಲು ಕತ್ತರಿಸಿದ್ದಿರಿ. ಕೈಗಳು ಮಾತ್ರ ಹಾಗೇ ಇದ್ದವು, ತೊಡೆಯ ಮೇಲೆ ಎರಡನ್ನೂ ಮಡಿಸಿಟ್ಟುಕೊಂಡಿದ್ದಳು.

ಗೇಟಿನ ಚಿಲಕಕ್ಕೆ ಕೈ ಹಾಕಿದೆ. ಅವಳಿಗೆ ಸದ್ದು ಕೇಳಿಸಿತು ಅಂತ ಕಾಣುತ್ತೆ, ಮುಖ ನನ್ನ ಕಡೆ ತಿರುಗಿಸಿದಳು. ತುಟಿ ಅಲ್ಲಾಡಿತು. ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಯಾರು ಅಂತ ಕೇಳಿರಬೇಕು, ನಾನು ಹೆಸರು ಹೇಳಬೇಕು. ಹೇಳಿದ ಮೇಲೆ ಅವಳು ಮಾತಾಡುತ್ತಾಳೆ, ಯಾಕೋ ಇಷ್ಟು ವರ್ಷ ಬರಲಿಲ್ಲ ಅಂತ ಕೇಳುತ್ತಾಳೆ, ಅದನ್ನೂ ನಾನು ಕೇಳಿಸಿಕೊಳ್ಳಲಾರೆ, ಬೀದಿಯಲ್ಲಿ ನಿಂತು ಏನು ಏನು ಅಂತ ಕೂಗಬೇಕು. ಹೀಗೆಲ್ಲ ಒಂದೇ ಸಲ ತಲೆಗೆ ಬಂತು. ಇದು ನಾನು ಆಮೇಲೆ ಕಟ್ಟಿಕೊಂಡ ಕಾರಣವೂ ಇರಬಹುದು. ನಿಜ ಅಂದರೆ, ಹೆದರಿಬಿಟ್ಟೆ. ಚಿಲಕದಿಂದ ಕೈ ತೆಗೆದು ತಿರುಗಿ ನಡೆದೆ. ನಾಳೆ ಬರೋಣ ಅಂದುಕೊಂಡೆ. ಮಾರನೇ ದಿನ ರೈಲು ಹತ್ತಿದೆ.

ಫೆಬ್ರವರಿಯಲ್ಲಿ ಇಲ್ಲಿ ದಾರಿ ಮುಚ್ಚಿರಲಿಲ್ಲ. ಅದೂ ಸುಳ್ಳೇ.

ಅವಳು ಗೇಟಿನ ಕಡೆ ತಿರುಗಿ ಏನಂದಳು ಅನ್ನುವುದೊಂದೇ ಈಗ ನನ್ನ ತಲೆಯಲ್ಲಿ ತಿರುಗುತ್ತಿರುವುದು. ಆ ಹೊತ್ತು ನೀನು ಮನೆಯಲ್ಲಿ ಇದ್ದೆಯೋ ಇಲ್ಲವೋ. ಯಾರಾದರೂ ಕೇಳಿಸಿಕೊಂಡಿದ್ದರೆ, ಏನೇ ಆಗಿರಲಿ, ತಿಳಿಸು.

ಶಿವಪ್ರಕಾಶ್

—

ಮೈಸೂರು
5 ಸೆಪ್ಟೆಂಬರ್ 2024

ಭಾವನವರಿಗೆ,

ನಿಮ್ಮ ಕಾಗದವನ್ನು ಕೆಂಚಮ್ಮನ ಮುಂದಿಟ್ಟು ಎಲ್ಲವನ್ನೂ ಕೇಳಿದೆ. ಪಾಪ, ಹೆದರಿ ಅತ್ತುಬಿಟ್ಟಳು. ದಸರಾ ಆಗಿ ಒಂದು ವಾರಕ್ಕೆ ಅತ್ತೆ ನಿಮ್ಮ ಆ ಆಗಸ್ಟಿನ ಕಾಗದವನ್ನು ಡ್ರಾಯರಿನಿಂದ ತೆಗೆಸಿ ಓದಿಸಿದರಂತೆ. ಸಾಕ್ಷರತೆ ಕ್ಲಾಸಿನಲ್ಲಿ ಕಲಿತ ಅಕ್ಷರ, ಒಂದೊಂದೇ ಕೂಡಿಸಿ ಓದಲು ಅವಳಿಗೆ ಅರ್ಧ ದಿನ ಹಿಡಿಯಿತಂತೆ. ಮುಗಿದ ಮೇಲೆ, 'ಇನ್ನೂ ಅದಾ ನೋಡು' ಅಂದರಂತೆ. 'ಇಲ್ಲ ಅಮ್ಮಾವ್ರೆ' ಅಂದಳಂತೆ. 'ಸರಿ ಬುಡು' ಅಂದರಂತೆ.

ಅಂದರೆ ಅತ್ತೆಗೆ ಎಲ್ಲ ಗೊತ್ತಿತ್ತು. ಡಿಸೆಂಬರಿನಲ್ಲೂ ಜನವರಿಯಲ್ಲೂ ನಾನು ಪೆನ್ನು ಹಿಡಿದು ಕೂತಾಗ, 'ಎಲ್ಲಾರೂ ಚೆಂದಾಗವ್ರೆ ಅಂತ ಬರಿ, ಸಾಕು' ಅಂದಿದ್ದರು. ಬಂದ್ಬುಡು ಅಂತ ಹೇಳಲಿಲ್ಲ. ನಾನು ಅದನ್ನು ಏನಂತ ತಿಳಿದೆ ಗೊತ್ತೇ? ಕೊನೆಗೂ ಮರೆತರು ಅಂತ. ನನಗೆ ಹಗುರವಾಗಿತ್ತು. ಆ ಎರಡು ಕಾಗದದಲ್ಲಿ ಮಾತ್ರ ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ, ಕೊನೆಯ ಆ ಮೂರು ಸಾಲು ಬಿಟ್ಟು. ಅದು ಅಭ್ಯಾಸಬಲದಿಂದ ತಾನೇ ಬಂದುಬಿಟ್ಟಿತು. ಸಾಯುವ ಹಿಂದಿನ ರಾತ್ರಿಯವರೆಗೂ ನನ್ನ ಕೈಯಿಂದ ತುತ್ತು ತಿಂದರು. ಒಂದು ದಿನ ಮುಖ ಸಿಂಡರಿಸಲಿಲ್ಲ. ಸಿಂಡರಿಸಿದ್ದರೆ ನನಗೆ ಎಷ್ಟೋ ಒಳ್ಳೆಯದಿತ್ತು.

ನೀವು ಕೇಳಿದ್ದಕ್ಕೆ ಬರುತ್ತೇನೆ. ನವೆಂಬರ್ ಇಪ್ಪತ್ತನಾಲ್ಕರ ಬೆಳಿಗ್ಗೆ ನಾನು ನಮ್ಮನೆಯವರನ್ನು ಡಾಕ್ಟರ ಹತ್ತಿರ ಚೆಕಪ್ಪಿಗೆ ಕರೆದುಕೊಂಡು ಹೋಗಿದ್ದೆ. ಕೆಂಚಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಜಗುಲಿಯಿಂದ ಅತ್ತೆ ಮಾತಾಡಿದ್ದು ಕೇಳಿಸಿ ಬಂದು ನೋಡಿದಳಂತೆ. ಗೇಟಿನ ಹತ್ತಿರ ಯಾರೂ ಇರಲಿಲ್ಲ.

ಇಲ್ಲಿಂದ ಮುಂದಿನದನ್ನು ನಿನ್ನೆ ಒಂದು ಹಾಳೆಯಲ್ಲಿ ಬರೆದಿದ್ದೆ. 'ಒಳಗೆ ಬಾ ಮಗ ಅಂದರಂತೆ' ಅಂತ ಬರೆದೆ. ಸರಾಗವಾಗಿ ಬಂತು. ಓದಿಕೊಂಡರೆ ಅತ್ತೆಯೇ ಹೇಳಿದ ಹಾಗಿತ್ತು. ನಿಮಗೆ ಅದರಿಂದ ನೆಮ್ಮದಿಯೂ ಆಗುತ್ತಿತ್ತು. ನಮ್ಮನೆಯವರಿಗೆ ಓದಿ ಹೇಳಿದೆ. 'ಕೆಂಚಮ್ಮ ಹಾಗಂದಳಾ?' ಅಂತ ಒಂದೇ ಮಾತು ಕೇಳಿದರು. ಆ ಹಾಳೆ ಹರಿದು ಹಾಕಿದೆ. ಇದು ಬೇರೆ ಹಾಳೆ.

ಕೆಂಚಮ್ಮ ಕೇಳಿಸಿಕೊಂಡದ್ದು ಇಷ್ಟು: 'ವಾಣಿ ಮನೇಲಿಲ್ಲ ಕಣಪ್ಪ. ಸಂಜೆ ಬಾ.'

ಯಾರು ಬಂದಿದ್ದು ಅಂತ ಅವಳು ಕೇಳಿದ್ದಕ್ಕೆ, 'ಕರೆಂಟ್ ಬಿಲ್ಲಿನೋನು ಅಂತ ಕಾಣ್ತದೆ. ಮಾತೇ ಆಡ್ಲಿಲ್ಲ, ಹೊಂಟೋಗ್ಬುಟ್ಟ' ಅಂದರಂತೆ. ನಿಮ್ಮ ಹೆಜ್ಜೆ ಸದ್ದು ಅವರಿಗೆ ಗುರುತು ಹತ್ತಲಿಲ್ಲ ಭಾವ. ಬೀದಿಯವರದೆಲ್ಲ ಗೊತ್ತಿತ್ತು, ನಿಮ್ಮದು ಗೊತ್ತಿರಲಿಲ್ಲ. ಇದಕ್ಕೆ ನಾನು ಒಂದು ಅಕ್ಷರ ಸೇರಿಸಿಲ್ಲ, ಒಂದು ಅಕ್ಷರ ತೆಗೆದಿಲ್ಲ. ಕೆಂಚಮ್ಮನನ್ನು ಮೂರು ಸಲ ಕೇಳಿದೆ.

ಪುಸ್ತಕ ಮಾಡಿಸುತ್ತೇನೆ. ಟೆಂಟಿನ ಗೇಟು, ಹುಣಸೆಮರ, ಅಳುವ ಮಕ್ಕಳು, ಎಲ್ಲ ನೀವು ಬರೆದ ಹಾಗೇ ಇರುತ್ತೆ. ನಾನು ಬರೆಯದೆ ಬಿಟ್ಟದ್ದನ್ನೂ ಹಾಕುತ್ತೇನೆ, ನನ್ನ ಹೆಸರು ಹಾಕಿಯೇ. ಪೋಸ್ಟ್‌ಕಾರ್ಡಿನ ವಿಷಯ ಹಾಕುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಫೆಬ್ರವರಿ ಹನ್ನೆರಡಕ್ಕೆ ಹುಣಸೂರಿನಲ್ಲಿ ಪೂಜೆ. ಬನ್ನಿ ಅಂತ ನಾನು ಬರೆಯುತ್ತಿದ್ದೇನೆ. ಈ ಸಲ ಬರೆದಿದ್ದೇನೆ.

ಇನ್ನೊಂದು ಮಾತು ಹೇಳದೆ ಇರಬಹುದಿತ್ತು. ಆದರೆ ಬಿಟ್ಟು ಬಿಟ್ಟು ಬರೆದೇ ಇಷ್ಟಾಗಿದ್ದು. ನವೆಂಬರ್ ಇಪ್ಪತ್ತನಾಲ್ಕರ ದಿನವನ್ನು ಡಾಕ್ಟರ ಚೀಟಿ ನೋಡಿ ನೆನಪು ಮಾಡಿಕೊಂಡೆ. ಮಧ್ಯಾಹ್ನ ಎರಡು ಗಂಟೆಗೆಲ್ಲ ವಾಪಸ್ಸು ಬಂದಿದ್ದೆವು. ಅವತ್ತು ಸಂಜೆ ನಾವೆಲ್ಲ ಮನೆಯಲ್ಲೇ ಇದ್ದೆವು.

ವಾಣಿ